ಉಣ್ಣದೆ ಇಳಿಯುವ ಘಾಟಿ

ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಏಳುವ ವಾಸನೆ. ಅದರ ಹಿಂದೆಯೇ ಡೀಸೆಲ್, ಬಿಸಿಲಿಗೆ ಕಾದ ರೆಕ್ಸಿನ್ ಸೀಟು. ಇವೆಲ್ಲ ಒಟ್ಟಿಗೆ ಬಂದರೆ ಬಿಂದುಶ್ರೀಗೆ ಅವ್ವನ ಕೈ ನೆನಪಾಗುತ್ತದೆ. ಚಿಕ್ಕವಳಿದ್ದಾಗ ಸತ್ಯಮಂಗಲಕ್ಕೆ ಹೋಗಬೇಕಾಗಿ ಬಂದಾಗಲೆಲ್ಲ ಅವ್ವ ಶಕುಂತಲಮ್ಮ ಹಿತ್ತಲ ಗಿಡದಿಂದ ಒಂದು ಹಣ್ಣು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಘಾಟಿಯ ಇಳಿಜಾರು ಶುರುವಾಗುವ ದಿಂಬಂ ಬಂತು ಎನ್ನುವಾಗ ಗಂಟು ಬಿಚ್ಚಿ, ಹಣ್ಣನ್ನು ಗೀರಿ, ಮಗಳ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ಬಸ್ಸು ಒಂದೊಂದು ತಿರುವಿನಲ್ಲೂ ಹೊರಳುವಾಗ ಕಿಟಕಿಯಾಚೆಯ ಕಣಿವೆ ಒಮ್ಮೆ ಎಡಕ್ಕೆ ಬರುತ್ತಿತ್ತು, ಒಮ್ಮೆ ಬಲಕ್ಕೆ. ಆ ಕೈ ಮಾತ್ರ ಇದ್ದಲ್ಲೇ ಇರುತ್ತಿತ್ತು. ಅವ್ವನಿಗೂ ಆ ಹೊತ್ತಿನಲ್ಲಿ ತಲೆ ಸುತ್ತುತ್ತಿದ್ದಿರಬೇಕು. ಅದು ಬಿಂದುವಿಗೆ ಹೊಳೆದದ್ದು ಬಹಳ ತಡವಾಗಿ, ಹಾಸ್ಟೆಲಿನ ಮಂಚದ ಮೇಲೆ ಮಲಗಿ ಸುಮ್ಮನೆ ಫ್ಯಾನು ನೋಡುತ್ತಿದ್ದ ಒಂದು ಮಧ್ಯಾಹ್ನ. ಇದ್ದದ್ದು ಒಂದೇ ಹಣ್ಣು, ಅದು ಯಾವಾಗಲೂ ಮಗಳ ಮೂಗಿನ ಹತ್ತಿರ.

ಬೆಟ್ಟದ ಮೇಲಿನವರು ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಘಾಟಿ ಇಳಿಯುತ್ತಾರೆ. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸಿದ್ದಲ್ಲ. ಮದುವೆಗೆ ಹೊರಟವರಾಗಲಿ, ಆಸ್ಪತ್ರೆಗೆ ಹೊರಟವರಾಗಲಿ, ಬೆಳಿಗ್ಗೆ ಒಂದು ಲೋಟ ಕರಿಕಾಫಿ ಕುಡಿದು ಬಸ್ಸು ಹತ್ತುವುದು, ಕೆಳಗೆ ಬಣ್ಣಾರಿ ಬಂದು ನೆಲ ಮತ್ತೆ ನೆಟ್ಟಗಾಯಿತು ಎಂದು ಖಾತ್ರಿಯಾದ ಮೇಲೆ ಉಣ್ಣುವುದು. ಇವತ್ತೂ ಅವ್ವ ತಿಂಡಿ ಮಾಡಲಿಲ್ಲ. ಕಾಫಿ ಕೊಟ್ಟಳು, ಹಣ್ಣು ಕೊಟ್ಟಳು. ಪಣಕಹಳ್ಳಿಯಿಂದ ತಾಳವಾಡಿಯವರೆಗೆ ಅಪ್ಪನ ಬೈಕಿನ ಹಿಂದೆ ಕೂತು ಬರುವಾಗ ಬಿಂದು ಆ ಹಣ್ಣನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ಈಗ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಅದು ಅಂಗೈಯಲ್ಲಿ ಬೆಚ್ಚಗಾಗಿತ್ತು. ನಾಳೆ ಬೆಳಿಗ್ಗೆ ಕೊಯಮತ್ತೂರಿನಲ್ಲಿ ಅವಳ ವೈವಾ. ಅಲ್ಲಿ ಹೇಳಬೇಕಾದ ಒಂದು ವಾಕ್ಯವನ್ನು ಅವಳು ರಾತ್ರಿಯಿಂದ ಬಾಯಿಪಾಠ ಮಾಡುತ್ತಿದ್ದಳು. ವಾಕ್ಯ ಉದ್ದದ್ದೇನೂ ಅಲ್ಲ. ಆದರೂ ಅರ್ಧಕ್ಕೆ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಮುಂದಿನ ಸೀಟಿನಲ್ಲಿ ಟೊಮೆಟೊ ಕ್ರೇಟು ಇಟ್ಟುಕೊಂಡು ಕೂತಿದ್ದ ದೊಡ್ಡಯ್ಯ ತಿರುಗಿ ನೋಡಿದ. ಅವಳ ಊರಿನವನೇ, ಅಜ್ಜನ ಕಾಲದ ಮುದುಕ.

"ಏನವ್ವ ಕೂಸೇ, ಕಾಲೇಜ್ಗ ಓಯ್ತಿದ್ದೀಯಾ?"

"ಊ ತಾತ. ನಾಳೆ ಪರೀಕ್ಷೆ."

"ಅದೇನೋ ಆಟ ಓದ್ತೀಯಂತಲ್ಲ. ಪರೀಕ್ಷೇಲಿ ಏನ್ ಮಾಡಿಸ್ತಾರ? ಕುಂಟಬಿಲ್ಲೆ ಆಡಿಸ್ತಾರ?"

ಮುಂದಿನ ಎರಡು ಸಾಲು ನಕ್ಕವು. ಬಿಂದುವೂ ನಕ್ಕಳು, ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆ ಎಂದು ಅವಳಿಗೆ ಗೊತ್ತು. "ಆಡ್ಸಲ್ಲ ತಾತ, ಮಾತಾಡ್ಸ್ತಾರೆ. ಮಕ್ಳನ್ನ ಆಟಕ್ಕೆ ಎಂಗೆ ತರೋದು, ಓಡೋಂಗೆ ಎಂಗೆ ಮಾಡೋದು ಅಂತ."

"ಓಡೋಂಗ ಮಾಡಕ ಕಾಲೇಜ್ ಯಾಕವ್ವ ಬೇಕು? ನಮ್ಮ ಒಲಕ್ಕ ಕಳ್ಸು. ಆನೆ ಬಂದ್ರ ಮುದ್ಕನೂ ಓಡ್ತಾನ."

"ಪೆರಿಯವರೇ, ಮೊದಲ್ಲ ಟಿಕೆಟ್ ಎಡುಂಗ," ಮೊದಲು ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರು ತಮಿಳಿನಲ್ಲಿ ಗದರಿದ. ಗದರುತ್ತಲೇ ಬಿಂದುವಿನ ಕಾಲ ಬಳಿ ಇದ್ದ ಚೀಲವನ್ನು ಎತ್ತಿ, ಅವಳು ಕೇಳದೆಯೇ, ಮೇಲಿನ ಕಂಬಿಗೆ ಸೇರಿಸಿದ. ದೊಡ್ಡಯ್ಯ ಕೂಡ ಸೀಟಿನ ಕೆಳಗೆ ಹಿಂದಕ್ಕೆ ಚಾಚಿದ್ದ ಕ್ರೇಟನ್ನು ತನ್ನ ಕಡೆಗೆ ಎಳೆದುಕೊಂಡು ಅವಳ ಕಾಲಿಗೆ ಜಾಗ ಬಿಟ್ಟ. ಹೀಯಾಳಿಸುವುದೂ ಜಾಗ ಬಿಡುವುದೂ ಇಲ್ಲಿ ಒಂದೇ ಕೈಯಿಂದ ನಡೆಯುತ್ತದೆ. ಅವಳು ಕಾಲು ಚಾಚಿದಳು. ಮೂರು ವರ್ಷದಿಂದ ಇದೇ ಪ್ರಶ್ನೆ. ಡಾಕ್ಟರಿಗೆ ಓದುವವರು ಡಾಕ್ಟರಾಗುತ್ತಾರೆ, ಟೀಚರಿಗೆ ಓದುವವರು ಟೀಚರಾಗುತ್ತಾರೆ, ಕ್ರೀಡಾಭಿವೃದ್ಧಿ ಓದಿದವರು ಏನಾಗುತ್ತಾರೆ? ಮೊದಮೊದಲು ಅವಳು ವಿವರಿಸುತ್ತಿದ್ದಳು. ಓಡುವವರು ಬೇರೆ, ಓಡಿಸುವ ಕೋಚು ಬೇರೆ. ಆದರೆ ಮೈದಾನವೇ ಇಲ್ಲದ ಊರಿಗೆ ಮೈದಾನ ಬರುವಂತೆ, ಮನೆಯಿಂದ ಹೊರಗೆ ಬಿಡದ ಹುಡುಗಿಯನ್ನು ಬಿಡುವಂತೆ, ಬಿಟ್ಟವಳು ನಾಳೆಯೂ ಬರುವಂತೆ ನೋಡಿಕೊಳ್ಳುವವರು ಯಾರಾದರೂ ಬೇಕಲ್ಲ. ಕೇಳಿದವರು ತಲೆಯಾಡಿಸಿ, "ಅಂದ್ರೆ ಪಿ.ಟಿ. ಟೀಚರ್ರು," ಎನ್ನುತ್ತಿದ್ದರು. ಆಮೇಲೆ ಅವಳೂ "ಊ, ಪಿ.ಟಿ. ಟೀಚರ್ರೇ," ಎನ್ನುವುದನ್ನು ಕಲಿತಳು. ನಿಜ ಏನೆಂದರೆ ಅವಳು ಶಾಲೆಯಲ್ಲಿ ಯಾವ ಓಟದಲ್ಲೂ ಗೆದ್ದವಳಲ್ಲ. ಕ್ರೀಡಾದಿನ ಗೆಳತಿಯರು ಓಡುವಾಗ ಅವರ ಚಪ್ಪಲಿ, ಕ್ಲಿಪ್ಪು, ಬಳೆಗಳನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡು ಗೆರೆಯ ಆಚೆ ಕಾಯುತ್ತಿದ್ದವಳು. ಆ ಕಾಯುವಿಕೆ ಅವಳಿಗೆ ಇಷ್ಟವಾಗಿತ್ತು. ಓಟ ಮುಗಿಸಿ ಬಂದವಳ ಕಾಲಿಗೆ ಚಪ್ಪಲಿ ಜೋಡಿಸಿ ಇಡುವುದರಲ್ಲಿ ಅವಳಿಗೆ ಒಂದು ಸುಖವಿತ್ತು. ಅದಕ್ಕೂ ಒಂದು ಡಿಗ್ರಿ ಇದೆ ಎಂದು ತಿಳಿದಾಗ ಹೆಚ್ಚು ಯೋಚಿಸದೆ ಸೇರಿಬಿಟ್ಟಿದ್ದಳು.

ಬಸ್ಸು ಹೊರಡುವಷ್ಟರಲ್ಲಿ ಬಾಗಿಲ ಬಳಿ ಯಾರೋ "ಇರ್ರಪ್ಪ, ಇರ್ರಿ," ಎಂದು ಏದುಸಿರು ಬಿಡುತ್ತ ಹತ್ತಿದರು. ದನಿ ಕೇಳಿಯೇ ಬಿಂದುವಿನ ಮುಷ್ಟಿ ಬಿಗಿಯಿತು. ತಿಗನಾರೆಯ ಚನ್ನಮಲ್ಲಮ್ಮ. ಬಿಂದು ಓಟಕ್ಕೆ ತಯಾರು ಮಾಡಿದ್ದ ಸಂಗೀತಳ ತಾಯಿ. ಹೋದ ತಿಂಗಳಿಂದ ಬಿಂದು ಆ ಊರಿನ ಕಡೆ ಕಾಲಿಟ್ಟಿರಲಿಲ್ಲ. ದಾರಿ ಸುತ್ತಿ ಹೋಗುತ್ತಿದ್ದಳು, ಸಂತೆಯ ದಿನ ಮನೆಯಲ್ಲೇ ಉಳಿಯುತ್ತಿದ್ದಳು. ಬಸ್ಸಿನಲ್ಲಿ ಬೇರೆ ಸೀಟುಗಳಿದ್ದವು. ಚನ್ನಮಲ್ಲಮ್ಮ ಅವನ್ನು ನೋಡಲೇ ಇಲ್ಲ. ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ನೇರವಾಗಿ ಬಂದು ಪಕ್ಕದಲ್ಲಿ ನಿಂತಳು.

"ನೀನೇ ಅಲ್ವಾ! ನೀ ಅಲ್ಲೇ ಇರು ಕೂಸೇ, ಕಿಟ್ಕಿ ಪಕ್ಕ. ನಾ ಈ ಕಡೆ ಕುಂತ್ಕತೀನಿ."

"ಎಲ್ಲಿಗೆ ಅಕ್ಕ?"

"ನನ್ನ ತಂಗಿ ರೇವತಿಗ ಎಣ್ಣು ಕೂಸು ಆಗದ. ಸತ್ಯಮಂಗಲದ ಆಸ್ಪತ್ರೇಲಿ ಅವ್ಳ. ಅಲ್ಲಿ ಇಡ್ಲಿ ಬುಟ್ಟು ಬೇರೆ ಕೊಡಲ್ವಂತ. ಅದ್ಕ ಒಂದೀಟು ರೊಟ್ಟಿ ತಟ್ಕಂಡು ಒಂಟಿದ್ದೀನಿ."

ಗಂಟಿನಿಂದ ಸುಟ್ಟ ರಾಗಿಯ, ಹುಚ್ಚೆಳ್ಳು ಪುಡಿಯ ವಾಸನೆ ಬಂತು. ಬಿಂದುವಿನ ಹೊಟ್ಟೆ ತಾನಾಗಿ ಸದ್ದು ಮಾಡಿತು. ಅವಳು ಕಿಟಕಿಯ ಕಡೆ ತಿರುಗಿದಳು. ಸಂಗೀತ ಹೇಗಿದ್ದಾಳೆ ಎಂದು ಕೇಳಬೇಕು, ಅದು ಮೊದಲು ಕೇಳಬೇಕಾದ ಮಾತು. ಅದನ್ನು ಕೇಳದೆ ಕಂಬಿಗೆ ಹಣೆಯೊತ್ತಿ ಕೂತಳು. ಹೊರಗೆ ಮುಸುಕಿನ ಜೋಳದ ಹೊಲಗಳು, ಎಲೆಕೋಸಿನ ಹೊಲಗಳು, ಬೇಲಿಗೆ ಕಟ್ಟಿದ ಹಳೇ ಸೀರೆಗಳು, ರಸ್ತೆಯ ಅರ್ಧಕ್ಕೆ ಒಣಹಾಕಿದ ಹುರುಳಿ. ಡ್ರೈವರು ಹುರುಳಿಯ ಮೇಲೇ ಬಸ್ಸು ಹಾಯಿಸಿದ. ರಸ್ತೆಯ ಪಕ್ಕದಲ್ಲಿ ನಿಂತಿದ್ದ ಹೆಂಗಸು, ಒಕ್ಕಣೆ ಮಾಡಿಕೊಟ್ಟನಲ್ಲ ಎಂದು ಕೈ ಎತ್ತಿದಳು. ಇಂಥದೇ ರಸ್ತೆಯ ಅಂಚಿನಲ್ಲಿ ಬರಿಗಾಲಲ್ಲಿ ಓಡಿ ಬರುತ್ತಿದ್ದಳು ಸಂಗೀತ, ಪುಸ್ತಕದ ಚೀಲ ಬೆನ್ನ ಮೇಲೆ ಕುಣಿಯುತ್ತಿರಲು, ಹುರುಳಿಯ ಒಂದು ಕಾಳನ್ನೂ ತುಳಿಯದಂತೆ. ಬಿಂದು ಅವಳನ್ನು ಮೊದಲು ನೋಡಿದ್ದೇ ಹಾಗೆ.

ಕೊನೆಯ ವರ್ಷದವರು ಪ್ರಾಜೆಕ್ಟಿಗೆಂದು ಒಂದು ಊರನ್ನು ಆರಿಸಿಕೊಂಡು, ಅಲ್ಲಿ ಆಟದ ಕೂಟವೊಂದನ್ನು ಕಟ್ಟಿ, ವೈವಾದಲ್ಲಿ ಅದನ್ನು ಒಪ್ಪಿಸಬೇಕಿತ್ತು. ಗೆಳತಿಯರು ನಗರದ ಬಡಾವಣೆಗಳನ್ನು ಆರಿಸಿಕೊಂಡರು. ಬಿಂದು ಬೆಟ್ಟಕ್ಕೆ ಬಂದು ತಿಗನಾರೆಯ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಳು. ಸಂಜೆ ಹುಡುಗಿಯರು ಬರುತ್ತಿದ್ದರು. ಕತ್ತಲಾಗುವ ಮುಂಚೆ ಮುಗಿಸಬೇಕು, ಆಮೇಲೆ ಆ ಮೈದಾನ ಹಂದಿಗಳದು, ಆನೆಗಳದು. ಕರೆದೊಯ್ಯಲು ತಾಯಂದಿರು ಬರುತ್ತಿದ್ದರು. ಚನ್ನಮಲ್ಲಮ್ಮ ಬೇರೆಯವರಿಗಿಂತ ಮೊದಲೇ ಬಂದು, ಬಿಂದಿಗೆಯಲ್ಲಿ ನೀರು ತಂದಿಟ್ಟು, ಲೋಟವನ್ನು ಬಿಂದಿಗೆಯ ಬಾಯಿಗೆ ಬೋರಲು ಹಾಕಿ, ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು. ಮಗಳು ಮುಂದೆ ಬಂದರೂ ಹಿಂದೆ ಬಿದ್ದರೂ ಮುಖದಲ್ಲಿ ಏನೂ ತೋರುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಬಿಂದುವನ್ನು ಪಕ್ಕಕ್ಕೆ ಕರೆದು, "ಅವ್ಳು ಓಡುವಾಗ ಬಾಯಿ ತಕ್ಕತಾಳಲ್ಲ, ಅದು ಸರೀನಾ?" ಎಂದು ಕೇಳಿದ್ದಳು. ಗೋಡೆಗೆ ಚಾರ್ಟು ಅಂಟಿಸಿ ಬಿಂದು ಪಾಠ ಮಾಡಿದ್ದಳು. ಓಟಕ್ಕೆ ಮುಂಚೆ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮುಂಚೆ, ಯಾಕೆ. ಬಾಳೆಹಣ್ಣು, ಕಡಲೆಕಾಯಿ, ರಾಗಿ. ಹಸಿದ ಹೊಟ್ಟೆಯಲ್ಲಿ ಓಡುವುದು ಎಣ್ಣೆಯಿಲ್ಲದ ಗಾಡಿ ಓಡಿಸಿದ ಹಾಗೆ ಎಂದು ಅವಳೇ ಹೇಳಿದ್ದಳು. ಸಂಗೀತ ಮುಂದೆ ಕೂತು ಕೇಳಿಸಿಕೊಂಡಿದ್ದಳು.

ಹೋದ ತಿಂಗಳು ಕೆಳಗಿನ ಊರಿನ ಮೈದಾನದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಹಿಂದಿನ ಸಂಜೆ ಬಿಂದು ತಿಗನಾರೆಗೆ ಹೋಗಿ ಜಗಲಿಯ ಮೇಲೆ ಕೂತಿದ್ದಳು. ಚನ್ನಮಲ್ಲಮ್ಮ ಮೊರದಲ್ಲಿ ಏನನ್ನೋ ಕೇರುತ್ತ, "ಬೆಳಿಗ್ಗ ಏನ್ ಮಾಡಿ ಇಕ್ಲವ್ವ ಇವ್ಳಿಗ?" ಎಂದು ಕೇಳಿದಳು. "ಏನೂ ಬ್ಯಾಡ ಅಕ್ಕ, ಘಾಟಿ ಅಲ್ವಾ. ನಿಂಬೆಹಣ್ಣು ಕೊಟ್ಟು ಕಳ್ಸಿ ಸಾಕು. ಕೆಳಗಿಳಿದ ಮೇಲೆ ನಾನೇ ತಿನ್ನಿಸ್ತೀನಿ." ಆ ಮಾತು ಎಲ್ಲಿಂದ ಬಂತು? ಅದು ಅವಳು ಓದಿದ್ದಲ್ಲ, ಯೋಚಿಸಿದ್ದಲ್ಲ. ಅವ್ವನ ಬಾಯಿಂದ, ಅವ್ವನ ಅವ್ವನ ಬಾಯಿಂದ ಇಳಿದು ಬಂದು, ಮೂರು ವರ್ಷದ ಓದಿನ ಪಕ್ಕದಲ್ಲೇ ಹಾದು, ಓದಿಗೆ ಸ್ವಲ್ಪವೂ ತಾಗದೆ ಹೊರಗೆ ಬಂದಿತ್ತು. ಚನ್ನಮಲ್ಲಮ್ಮನಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಸಂಗೀತಳಿಗೂ ಕಾಣಲಿಲ್ಲ. ಮಾರನೆಯ ದಿನ ಘಾಟಿಯ ಮಧ್ಯೆ ಲಾರಿಯೊಂದು ಸಿಕ್ಕಿಕೊಂಡು ಬಸ್ಸು ನಿಂತಲ್ಲೇ ನಿಂತಿತು. ಮೈದಾನ ಮುಟ್ಟಿದಾಗ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಬಯಲಿನ ಹುಡುಗಿಯರು ಅಪ್ಪಂದಿರ ಪಕ್ಕದಲ್ಲಿ ಕೂತು ಸ್ಟೀಲ್ ಡಬ್ಬಿಗಳನ್ನು ಮುಚ್ಚುತ್ತಿದ್ದರು. ಓಟ ಮುಗಿಯಲಿ, ಆಮೇಲೆ ತಿನ್ನಿಸಿದರಾಯಿತು, ಎಂದುಕೊಂಡಳು ಬಿಂದು. ಮಡಿಲೊಡ್ಡಿ ಸಂಗೀತಳ ಚಪ್ಪಲಿ ತೆಗೆದುಕೊಂಡಳು.

ಮೊದಲ ಸುತ್ತಿನಲ್ಲಿ ಸಂಗೀತ ಎಲ್ಲರಿಗಿಂತ ಮುಂದೆ ಇದ್ದಳು. ಆ ಮುಂದೆ ಇದ್ದದ್ದನ್ನೇ ಬಿಂದುವಿಗೆ ಮರೆಯಲಾಗುತ್ತಿಲ್ಲ, ಬಿದ್ದದ್ದನ್ನು ಮರೆಯಬಹುದಿತ್ತೇನೋ. ಎರಡನೇ ಸುತ್ತಿನ ತಿರುವಿನಲ್ಲಿ, ಯಾರೋ ಹಿಂದಿನಿಂದ ಮೆಲ್ಲಗೆ ಕರೆದ ಹಾಗೆ, ಅವಳು ಪಕ್ಕಕ್ಕೆ ನೋಡಿದಳು. ಆಮೇಲೆ ಮಂಡಿ ಮಡಚಿತು. ಬೇರೆ ಹುಡುಗಿಯ ತಂದೆಯೊಬ್ಬ ಓಡಿ ಬಂದು ಹೆಗಲ ಮೇಲಿನ ಟವೆಲಿನಿಂದ ಗಾಳಿ ಹಾಕಿದ. ತನ್ನ ಮಗಳು ಎಷ್ಟನೆಯವಳಾಗಿ ಬಂದಳು ಎಂದು ಅವನು ನೋಡಲೂ ಇಲ್ಲ. ಗ್ಲೂಕೋಸ್ ತಂದ ನರ್ಸು ಸಂಗೀತಳ ಕೆನ್ನೆ ತಟ್ಟಿ, "ಸಾಪ್ಟಿಯಾಮ್ಮಾ?" ಎಂದು ಕೇಳಿದಳು. ಉಂಡೆಯಾ ತಾಯಿ? ಸಂಗೀತ ಕಣ್ಣು ತೆರೆದು ಮೊದಲು ನೋಡಿದ್ದು ಬಿಂದುವನ್ನು, ಬಿಂದುವಿನ ಮಡಿಲಲ್ಲಿದ್ದ ಚಪ್ಪಲಿಗಳನ್ನು. ಆಮೇಲೆ ನರ್ಸಿಗೆ ತಮಿಳಿನಲ್ಲಿ, "ಸಾಪ್ಟೇನ್," ಎಂದಳು. ಉಂಡೆ. ನರ್ಸು ಬಿಂದುವಿನ ಕಡೆ ತಿರುಗಿದಳು. ಬಿಂದು ಸುಮ್ಮನಿದ್ದಳು. ಅದಾದ ಮೇಲೆ ಹೊತ್ತು ಹೊತ್ತಿಗೂ ಆ ಒಂದು ಪದ ಅವಳ ತಟ್ಟೆಯ ಪಕ್ಕದಲ್ಲಿ ಬಂದು ಕೂರುತ್ತಿತ್ತು. ನನ್ನನ್ನು ಉಳಿಸಲು ಆ ಹುಡುಗಿ ಸುಳ್ಳು ಹೇಳಿದಳು. ಒಂಬತ್ತನೇ ಕ್ಲಾಸಿನ ಹುಡುಗಿ, ನೆಲದ ಮೇಲೆ ಮಲಗಿಕೊಂಡು.

"ಆಸನೂರು, ಆಸನೂರು," ಎಂದ ಕಂಡಕ್ಟರು. ಕೆಲವರು ಇಳಿದರು, ಹತ್ತಿದರು. ಚನ್ನಮಲ್ಲಮ್ಮ ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಅವಳ ಮೊಣಕೈ ಬಿಂದುವಿನ ಮೊಣಕೈಗೆ ತಾಗುತ್ತಿತ್ತು, ಬಸ್ಸು ಕುಲುಕಿದಾಗ ಗಟ್ಟಿಯಾಗಿ, ಇಲ್ಲದಾಗ ಹಗುರವಾಗಿ. ಈ ಮೊಣಕೈಯ ಪಕ್ಕ ಕೂತು ಆ ವಾಕ್ಯವನ್ನು ಬಾಯಿಪಾಠ ಮಾಡುವುದು ಹೇಗೆ? ವಾಕ್ಯ ಕೊಟ್ಟವರು ಲೋಕೇಶ್ವರಿ ಮೇಡಂ, ಅವಳ ಮಾರ್ಗದರ್ಶಕಿ. ಕೆಟ್ಟವರಲ್ಲ. ಬಿಂದುವಿಗೆ ಜ್ವರ ಬಂದಾಗ ಮನೆಯಿಂದ ಫ್ಲಾಸ್ಕಿನಲ್ಲಿ ರಸ ತಂದು, ಹಾಸ್ಟೆಲಿನ ಮೆಟ್ಟಿಲು ಹತ್ತಿ ಬಂದವರು. ಫೋನಿನಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಂಡರು. ಉಣ್ಣಬೇಡ ಎಂದವಳು ನೀನೇ ಅನ್ನುವುದನ್ನೆಲ್ಲ ಅಲ್ಲಿ ಹೇಳಬೇಡಮ್ಮ, ಎಂದರು ಆಮೇಲೆ. ಅದು ಕಾರಣವಲ್ಲ, ಘಟನೆ. ಕಾರಣವನ್ನು ದೊಡ್ಡದಾಗಿ ನೋಡು. ಗುಡ್ಡಗಾಡಿನ ಮನೆಗಳಲ್ಲಿ ಪೌಷ್ಟಿಕ ಆಹಾರದ ಕೊರತೆಯೇ ಈ ಹಿನ್ನಡೆಗೆ ಮೂಲ ಎನ್ನು. ಕೇಳಲು ಬರುವವರಲ್ಲಿ ಒಂದು ಸಂಸ್ಥೆಯವರಿದ್ದಾರೆ. ಮಕ್ಕಳ ಆಟ, ಆಹಾರ ಎರಡನ್ನೂ ನೋಡುವ ಸಂಸ್ಥೆ. ಬೆಟ್ಟದಲ್ಲೇ ಕೆಲಸ ಮಾಡುವ ಹುಡುಗಿಯನ್ನು ಹುಡುಕುತ್ತಿದ್ದಾರೆ. ನಿನ್ನ ಹೆಸರು ನಾನೇ ಹೇಳಿದ್ದೇನೆ. ಈ ಒಂದು ವಾಕ್ಯ ಗಟ್ಟಿಯಾಗಿ ಹೇಳಿದರೆ ಕೆಲಸ ನಿನ್ನದೇ ಅಂದುಕೋ.

ಅದನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡಾಗ ತೊಂದರೆಯೇ ಇರಲಿಲ್ಲ. ಆ ವಾಕ್ಯದಲ್ಲಿ ಯಾರ ಮನೆಯೂ ಇರುತ್ತಿರಲಿಲ್ಲ. ಒಳಗೇ ಕನ್ನಡಕ್ಕೆ ತಿರುಗಿಸಿಕೊಂಡರೆ ಮಾತ್ರ ಅಲ್ಲೊಂದು ಜಗಲಿ ಬರುತ್ತಿತ್ತು, ಜಗಲಿಯ ಮೇಲೆ ಮೊರ, ಮೊರದ ಹಿಂದೆ ಒಬ್ಬಳು ಹೆಂಗಸು ತಲೆಯೆತ್ತಿ, ಬೆಳಿಗ್ಗೆ ಏನು ಮಾಡಿ ಇಕ್ಕಲಿ ಎಂದು ಕೇಳುತ್ತಿದ್ದಳು. ಹಾಗಾಗಿ ಬಿಂದು ಅದನ್ನು ಇಂಗ್ಲಿಷಿನಲ್ಲೇ ಹೇಳಿಕೊಳ್ಳುತ್ತಿದ್ದಳು. ದಣಿವಾಗಿತ್ತು. ಕೆಲಸ ಬೇಕಾಗಿತ್ತು. ಓದು ಮುಗಿದ ಮೇಲೆ ಮನೆಗೆ ಬಂದು ಕೂತರೆ "ಆಟ ಓದಿದ್ದು ಆಟಕ್ಕೇ ಓಯ್ತು" ಎನ್ನುವುದಕ್ಕೆ ಊರಿನಲ್ಲಿ ದೊಡ್ಡಯ್ಯ ಒಬ್ಬನೇ ಇರುವುದಿಲ್ಲ. ಸುಳ್ಳೇನೂ ಅಲ್ಲ, ಎಂದುಕೊಂಡಳು. ಎಷ್ಟೋ ಮನೆಗಳಲ್ಲಿ ಕೊರತೆ ಇದೆ. ಎಲ್ಲೋ ಇರುವ ನಿಜವನ್ನು ತಂದು ಈ ಒಂದು ಮನೆಯ ಮೇಲೆ ಹೊದಿಸುವುದು, ಅಷ್ಟೇ ತಾನೆ?

ದಿಂಬಂ ದಾಟಿ ಬಸ್ಸು ಇಳಿಯತೊಡಗಿತು. ಮೊದಲ ತಿರುವಿಗೇ ಹಿಂದಿನ ಸೀಟಿನಲ್ಲಿ ಯಾರೋ ಓಕರಿಸಿದರು. ಬಿಂದು ಹಣ್ಣನ್ನು ಉಗುರಿನಿಂದ ಗೀರಿದಳು. ವಾಸನೆ ಎದ್ದಿತು, ಅವ್ವನ ಕೈ ಬರಲಿಲ್ಲ. ಪಕ್ಕದಲ್ಲಿ ಚನ್ನಮಲ್ಲಮ್ಮ ಕಣ್ಣು ಮುಚ್ಚಿ ತುಟಿ ಬಿಗಿದು ಕೂತಿದ್ದಳು. ಅವಳ ಹಣೆಯಲ್ಲಿ ಸಣ್ಣಗೆ ಬೆವರು. ಬಿಂದು ಹಣ್ಣನ್ನು ಅವಳ ಕಡೆ ಚಾಚಿದಳು. ಅವಳು ಕಣ್ಣು ತೆರೆಯದೆಯೇ, ವಾಸನೆಯಿಂದಲೇ ತಿಳಿದು, "ನೀ ಮೂಸು ಕೂಸೇ, ನಂಗ ಬ್ಯಾಡ," ಎಂದಳು. ಇನ್ನೂ ಕೆಲವು ತಿರುವು ಇಳಿದಿರಬೇಕು. ಬಸ್ಸು ಒಮ್ಮೆಲೇ ನಿಂತಿತು. ಎಂಜಿನ್ನೂ ನಿಂತಿತು. ಕೆಳಗಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು, ಮೂತಿ ಬಂಡೆಗೆ, ಹಿಂಭಾಗ ಕಣಿವೆಗೆ.

"ಮುಗೀತು," ಎಂದ ದೊಡ್ಡಯ್ಯ. "ಇನ್ನು ಮದ್ಯಾನಕ್ಕೇ. ನನ್ನ ಟೊಮೆಟೊ ಇಲ್ಲೇ ಸಾರಾಯ್ತದ."

ಗಂಡಸರು ಇಳಿದು ಲಾರಿಯ ಡ್ರೈವರಿಗೆ ತಮಿಳಿನಲ್ಲೂ ಕನ್ನಡದಲ್ಲೂ ಬುದ್ಧಿ ಹೇಳತೊಡಗಿದರು. ದೊಡ್ಡಯ್ಯನೂ ಇಳಿದ. ಇಳಿಯುವ ಮುಂಚೆ ಹಿಂದಿನ ಸೀಟಿನಲ್ಲಿ ಮುರುಕಿನ ಪೊಟ್ಟಣ ಬಿಚ್ಚುತ್ತಿದ್ದವನನ್ನು ನೋಡಿ, "ಏಯ್, ಘಾಟೀಲಿ ತಿನ್ಬ್ಯಾಡ ಕಣ್ಲಾ, ಆಮೇಲ ನಮ್ಮ ಮ್ಯಾಲೇ ಕಕ್ತೀಯ," ಎಂದ. ಪೊಟ್ಟಣ ಮುಚ್ಚಿಕೊಂಡಿತು. ಬಸ್ಸು ಅರ್ಧ ಖಾಲಿಯಾಯಿತು. ನಿಂತ ಬಸ್ಸಿನಲ್ಲಿ ಕಣಿವೆಯ ಸದ್ದುಗಳು ಕೇಳಿಸತೊಡಗಿದವು. ಎಲ್ಲೋ ಮುಸಿಯ ಕೋತಿ ಕೂಗುತ್ತಿತ್ತು. ಕಿಟಕಿಯ ಕಂಬಿಯ ಮೇಲೆ ಬಿಸಿಲು ಇಷ್ಟಿಷ್ಟೇ ಸರಿಯಿತು. ಬಿಂದುವಿಗೆ ಹಸಿವು ಹೊಟ್ಟೆಯಿಂದ ಏರಿ ಕಣ್ಣಿನ ಹಿಂದೆ ಬಂದು ಕೂತಿತು, ಕೈಬೆರಳ ತುದಿ ತಣ್ಣಗಾಯಿತು. ಹೀಗೇ ಆಗಿತ್ತೇ ಸಂಗೀತಳಿಗೂ, ಇದೇ ಬಂಡೆಯ ಮುಂದೆ, ಇದೇ ತಿರುವಿನಲ್ಲಿ? ಆ ದಿನ ಸಂಗೀತ ಒಮ್ಮೆಯೂ ಹಸಿವು ಎನ್ನಲಿಲ್ಲ. ಕಾಲುಗಳನ್ನು ಮುಂದಿನ ಸೀಟಿನ ಕೆಳಗೆ ಚಾಚಿ, ಪಾದದ ಬೆರಳುಗಳನ್ನು ಮಡಚಿ ಬಿಡಿಸುತ್ತ, ಬಿಂದು ಕಲಿಸಿದ ಹಾಗೆ ಉಸಿರು ಎಳೆದು ಬಿಡುತ್ತಿದ್ದಳು.

"ಸಂಗಿ ಓಡ್ತಾಳಾ ಅಕ್ಕ, ಈಗ?" ಬಿಂದು ಕೊನೆಗೂ ಕೇಳಿದಳು.

"ಓಡ್ದೆ ಬುಟ್ಟಾಳಾ? ಬೈದೂ ಆಯ್ತು. ದಿನಾ ಸಂಜ ನೀ ಎಳ್ದಿದ್ದ ಗೆರೆ ಮ್ಯಾಲೇ ಓಡ್ತಾಳ. ಗೆರೆ ಅಳ್ಸೋಗದ, ಆದ್ರೂ ಅದೇ ಜಾಗ್ದಲ್ಲಿ ತಿರ್ಗತಾಳ." ಚನ್ನಮಲ್ಲಮ್ಮ ನಗುವ ಹಾಗೆ ಮಾಡಿ ನಿಲ್ಲಿಸಿದಳು. "ನೀ ಬರ್ನಿಲ್ಲ ಅಂತ ಬ್ಯಾಸ್ರ ಅವ್ಳಿಗ. ಅಕ್ಕನ್ಗ ಪರೀಕ್ಷೆ ಕಣವ್ವ, ಓದ್ಕಬೇಕು ಅಂತ ನಾನೇ ಸಮಾದಾನ ಮಾಡ್ದೆ."

ಬಿಂದು ಹಣ್ಣನ್ನು ಅಂಗೈಯಲ್ಲಿ ಹೊರಳಿಸಿದಳು. ತನ್ನ ಪರವಾಗಿ ಈ ಮನೆಯಲ್ಲಿ ಇನ್ನೂ ಎಷ್ಟು ಸುಳ್ಳುಗಳನ್ನು ಹೇಳಿದ್ದಾರೋ.

"ನಾಳ ಅಲ್ಲಿ ನಮ್ಮ ಸಂಗಿ ಇಚಾರ ಏಳ್ತೀಯಂತಲ್ಲ ಕೂಸೇ. ದೊಡ್ಡೋರೆಲ್ಲ ಕುಂತ್ಕಂಡು ಕೇಳ್ತಾರಂತ. ಆವತ್ತು ಬಸ್ಸಲ್ಲಿ ನೀನೇ ಅಂದಿದ್ಯಂತ ಅ‍ವ್ಳಿಗ."

"ಊ ಅಕ್ಕ."

"ಏನಂತ ಏಳ್ತೀಯಾ?"

ಪ್ರಶ್ನೆಯಲ್ಲಿ ಯಾವ ಕೊಕ್ಕೆಯೂ ಇರಲಿಲ್ಲ. ಮಗಳ ಬಗ್ಗೆ ದೊಡ್ಡವರ ಮುಂದೆ ಏನು ಹೇಳುತ್ತಾರೆ ಎಂದು ತಿಳಿಯುವ ಆಸೆ, ಅಷ್ಟೇ. ಇಂಗ್ಲಿಷಿನ ವಾಕ್ಯ ಬಿಂದುವಿನ ನಾಲಿಗೆಯವರೆಗೆ ಬಂದು, ಇವಳ ಮುಖ ನೋಡಿ, ಹಿಂದಕ್ಕೆ ಹೋಯಿತು.

"ಚೆನ್ನಾಗಿ ಓಡ್ತಾಳೆ ಅಂತ."

"ಬಿದ್ದದ್ದ?"

"ಅದ್ನೂ ಏಳ್ಬೇಕಾಯ್ತದೆ."

"ಏಳು. ಬಿದ್ದದ್ದು ಸುಳ್ಳಾ? ಏಳು." ಚನ್ನಮಲ್ಲಮ್ಮ ಗಂಟಿನ ಬಟ್ಟೆಯ ಅಂಚನ್ನು ಬೆರಳಿನಿಂದ ನೀವಿದಳು. ಕೇಳುವುದಕ್ಕೆ ನಾಚಿಕೆ ಎನ್ನುವ ಹಾಗೆ ದನಿ ಇಳಿಸಿದಳು. "ಒಂದ್ ಮಾತ ಮಾತ್ರ ಬುಟ್ಬುಡು ಕೂಸೇ. ಒಟ್ಟೇಲಿ ಏನೂ ಇರ್ನಿಲ್ಲ ಅಂತ ಏಳ್ಬ್ಯಾಡ. ಕೇಳ್ದೋರಿಗ ನಮ್ಮ ಘಾಟಿ ಏನ್ ಗೊತ್ತು? ಮನೇಲಿ ಅವ್ವ ಆದೋಳು ಇಕ್ಕಲ್ವೇನೋ ಅನ್ಕತಾರ. ಅಲ್ಲಿ ನರ್ಸಮ್ಮ ಕೇಳಿದ್ಲಂತಲ್ಲ, ಉಂಡಿದ್ದೀಯಾ ಅಂತ. ಉಂಡೀನಿ ಅಂದ್ಬುಟ್ಟೆ ಅವ್ವಾ, ಇಲ್ಲಾಂದ್ರ ನಿನ್ನ ಏನನ್ಕತಾರೋ ಅಂತ, ಅಂದ್ಲು ಮನೆಗ್ ಬಂದು. ನಂಗ ಅಳಾನೇ ಬಂದ್ಬುಡ್ತು."

ಹಾಗಾದರೆ ಆ ಸುಳ್ಳು ತನಗಾಗಿ ಅಲ್ಲ. ಬಿಂದು ಕೈಯಲ್ಲಿದ್ದ ಹಣ್ಣನ್ನು ನೋಡಿದಳು. ಇಷ್ಟು ದಿನ ಆ ಒಂದು ಪದವನ್ನು ತನಗೇ ಕೊಟ್ಟದ್ದು ಎಂದುಕೊಂಡು, ಅದರ ಭಾರ ತನ್ನದೇ ಎಂದುಕೊಂಡು ತಿರುಗಿದ್ದಳು. ಹುಡುಗಿ ಕಣ್ಣು ತೆರೆದಾಗ ತನ್ನ ಕಡೆ ನೋಡಿದ್ದು ನಿಜ. ಆದರೆ ಅವಳು ಕಂಡದ್ದು ಒಲೆಯ ಮುಂದೆ ಕೂತ ಈ ಹೆಂಗಸನ್ನು. ನೆಲದ ಮೇಲೆ ಬಿದ್ದಿದ್ದವಳು, ಕಣ್ಣು ಮಂಜಾಗಿದ್ದವಳು, ಕೂಡಲೇ ಎದ್ದು ಹೋಗಿ ಆ ಒಲೆಯ ಮುಂದೆ ಅಡ್ಡ ನಿಂತಿದ್ದಳು. ತಾನು ನಾಳೆ ಅದೇ ಒಲೆಯ ಕಡೆ ಬೆರಳು ತೋರಿಸಲು ಬೆಟ್ಟ ಇಳಿಯುತ್ತಿದ್ದಳು. ಅವಮಾನ ಎನ್ನುವುದು ಬೈಗುಳದಿಂದ ಬರುತ್ತದೆ ಎಂದು ಅವಳು ತಿಳಿದಿದ್ದಳು. ಅದು ಹೀಗೆ, ದನಿ ಇಳಿಸಿ ಕೇಳಿಕೊಳ್ಳುವವರಿಂದಲೂ ಬರುತ್ತದೆ. ಕೆಳಗೆ ಗಂಡಸರು "ಏಲೇಲೋ" ಎಂದು ಲಾರಿಯನ್ನು ತಳ್ಳುತ್ತಿದ್ದರು. ಲಾರಿ ಅಲುಗಲಿಲ್ಲ.

"ಅಕ್ಕ," ಎಂದಳು. "ಏನೂ ಇಕ್ಬ್ಯಾಡಿ ಅಂದೋಳು ನಾನು. ನಾಳೆ ಅಂಗೇ ಏಳ್ತೀನಿ. ಅವರವ್ವ ಏನ್ ಇಕ್ಲಿ ಅಂತ ಕೇಳಿದ್ರು, ಬ್ಯಾಡ ಅಂದೋಳು ನಾನು ಅಂತ."

ಚನ್ನಮಲ್ಲಮ್ಮ ಅವಳನ್ನು ನೋಡಿದಳು. "ಅಂಗಂದ್ರ ನಿಂಗ ಬಯ್ಯಲ್ವಾ?"

"ಬಯ್ತಾರೆ."

"ಕೆಲ್ಸ ಕೊಡ್ತಾರಂತಲ್ಲ. ನಿಮ್ಮವ್ವ ಸಂತೇಲಿ ಏಳ್ತಿತ್ತು."

"ಗೊತ್ತಿಲ್ಲ ಅಕ್ಕ. ಕೊಡ್ದೇನೂ ಇರ್ಬೋದು."

"ನೀ ಬ್ಯಾಡ ಅನ್ನದಿದ್ರೂ ನಾ ಇಕ್ತಿರ್ನಿಲ್ಲ ಕೂಸೇ," ಎಂದಳು ಚನ್ನಮಲ್ಲಮ್ಮ. "ಬಾಯ್ಮಾತ್ಗ ಕೇಳ್ದೆ. ಘಾಟಿಗ ಯಾರಾರ ಇಕ್ಕಿ ಕಳ್ಸ್ತಾರಾ?"

ಬಿಂದುವಿನ ಕಣ್ಣು ತುಂಬಿತು. ಆ ಮಾತು ಕ್ಷಮೆಯಲ್ಲ, ತಪ್ಪಿನಲ್ಲಿ ಪಾಲು ತೆಗೆದುಕೊಂಡದ್ದು ಅಷ್ಟೇ. ಭಾರದ ಮೂಟೆ ಎತ್ತುವಾಗ ಪಕ್ಕದವರು ಏನೂ ಹೇಳದೆ ಒಂದು ಮೂಲೆ ಹಿಡಿಯುವ ಹಾಗೆ. ನಾಳೆ ಆ ಕೋಣೆಯಲ್ಲಿ ಏನಾಗುತ್ತದೋ. ಲೋಕೇಶ್ವರಿ ಮೇಡಂ ತಲೆ ತಗ್ಗಿಸುತ್ತಾರೆ. ಸಂಸ್ಥೆಯವರು ಪೆನ್ನಿನ ಮುಚ್ಚಳ ಹಾಕುತ್ತಾರೆ. ಯಾರಾದರೂ ಒಬ್ಬರು, ಮೂರು ವರ್ಷ ಓದಿಯೂ ಇದು ತಿಳಿಯಲಿಲ್ಲವೇ ಎಂದು ಕೇಳಬಹುದು. ಕೇಳಲಿ. ಅವಳಿಗೆ ಧೈರ್ಯ ಬಂದಿರಲಿಲ್ಲ, ಹಗುರವೂ ಆಗಿರಲಿಲ್ಲ. ಹಸಿವಾಗಿತ್ತು, ನಿದ್ದೆ ಬರುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಕೈಯನ್ನು ಅಡಗಿಸಲು ಅವಳು ಹಣ್ಣನ್ನು ಒತ್ತಿ ಹಿಡಿದಳು.

ಚನ್ನಮಲ್ಲಮ್ಮ ಆ ಕೈಯನ್ನೇ ನೋಡುತ್ತಿದ್ದಳು. ನಿಂತ ಎಂಜಿನ್ನನ್ನು, ಖಾಲಿ ಸೀಟುಗಳನ್ನು, ಕೆಳಗೆ ಅಲುಗದೆ ನಿಂತ ಲಾರಿಯನ್ನು ಒಮ್ಮೆ ನೋಡಿದಳು. ಆಮೇಲೆ ಮಡಿಲಿನ ಗಂಟು ಬಿಚ್ಚಿದಳು. ತಂಗಿಗೆಂದು ಕಟ್ಟಿದ್ದ ರೊಟ್ಟಿಗಳಲ್ಲಿ ಮೇಲಿನದನ್ನು ಬಿಟ್ಟು, ನಡುವಿನಿಂದ ಇನ್ನೂ ಬೆಚ್ಚಗಿದ್ದುದನ್ನು ಹುಡುಕಿ ತೆಗೆದಳು. ಬಾಳೆಲೆಯ ಚೂರಿನ ಮೇಲಿಟ್ಟು ಹುಚ್ಚೆಳ್ಳು ಪುಡಿ ಹಾಕಿದಳು. ಬಿಂದುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಿಂಬೆಹಣ್ಣನ್ನು ತೆಗೆದುಕೊಂಡು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ಖಾಲಿಯಾದ ಆ ಅಂಗೈಯ ಮೇಲೆ ಎಲೆ ಸಮೇತ ರೊಟ್ಟಿಯನ್ನಿಟ್ಟು, ತಿನ್ನುವಾಗ ಯಾರೂ ನೋಡದಿರಲಿ ಎಂದು ತಾನು ಸೀಟುಗಳ ನಡುವಿನ ದಾರಿಯ ಕಡೆಗೆ ತಿರುಗಿ ಅಡ್ಡ ಕೂತಳು.